ಒಣಗಿದ ಬಟ್ಟೆಗೆ ಮತ್ತೆ ನೀರು

ನಾದಿನಿ ತೆಗೆದು ಕಳಿಸಿದ ಹೊಸ ಸಿನಿಮಾವನ್ನು ಅವಳು ನೋಡಿದ್ದು ಇಸ್ತ್ರಿ ಮಾಡುತ್ತ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು. ದೊಡ್ಡ ನಟರಿಲ್ಲ, ಹಾಡಿಲ್ಲ. ಒಂದು ಮನೆಯ ಕುರ್ಚಿಗಳೆಲ್ಲ ಮಾತಾಡುತ್ತವೆ. ತಮ್ಮ ಮೇಲೆ ಯಾರು ಎಷ್ಟು ಭಾರ ಹಾಕಿದರೆಂದು ಗೊಣಗುತ್ತವೆ. ಒಂದು ಕಾಲು ಮುರಿದ ಸ್ಟೂಲು ಎಲ್ಲರಿಗೂ ಬುದ್ಧಿ ಹೇಳುತ್ತದೆ. ನಗು ತಡೆಯಲಾಗದೆ ಅವಳು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. ಈ ಹುಡುಗಿ ತಲೆಯೊಳಗೆ ಏನೇನು ತುಂಬಿಕೊಂಡಿದ್ದಾಳಪ್ಪಾ ಎಂದು ಹೆಮ್ಮೆಯೂ ಆಯಿತು.

ಅಷ್ಟರಲ್ಲಿ ಸಿನಿಮಾದ ಹೆಂಗಸು ಬಕೆಟ್ ಹಿಡಿದು ತಾರಸಿಗೆ ಹೋದಳು. ತಂತಿಯ ಮೇಲೆ ಒಣಗಿದ್ದ ಬಟ್ಟೆಗಳನ್ನು ತೆಗೆದು ಮತ್ತೆ ನೆನೆಸಿದಳು, ಹಿಂಡಿ ಹರವಿದಳು. ಆಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿ ಕಾಲು ಚಾಚಿ ಕೂತಳು. ಸುಮ್ಮನೆ.

ನೋಡುತ್ತಿದ್ದವಳ ನಗು ಅಲ್ಲೇ ನಿಂತಿತು.

ಅದು ಅವಳದೇ ಗುಟ್ಟು. ಇಡೀ ದಿನದಲ್ಲಿ ಯಾರೂ ಕರೆಯದ ಹೊತ್ತೆಂದರೆ ಅದೊಂದೇ. ಬಟ್ಟೆ ಹಾಕುತ್ತಿದ್ದಾಳೆ ಎಂದರೆ ಮಗಳೂ ತಂಟೆಗೆ ಬರುವುದಿಲ್ಲ. ಈ ಮನೆ ಬಟ್ಟೆಗೆ ಬಿಸಿಲೇ ತಾಗುವುದಿಲ್ಲವೇನೋ ಎಂದು ಅತ್ತೆ ಗೊಣಗಿದಾಗಲೆಲ್ಲ ಪಕ್ಕದ ಕಟ್ಟಡದ ನೆರಳಿನ ಮೇಲೆ ತಪ್ಪು ಹೊರಿಸಿ ಪಾರಾಗಿದ್ದಳು. ಒಮ್ಮೆ ನಾದಿನಿ ಮೇಲೆ ಬಂದು ನೋಡಿಬಿಟ್ಟಿದ್ದಳು. ಯಾರಿಗೂ ಹೇಳಲ್ಲ ಎಂದಿದ್ದಳು. ಹೇಳಲಿಲ್ಲ, ನಿಜ. ತೋರಿಸಿಬಿಟ್ಟಳು.

ಭಾನುವಾರ ಸಣ್ಣ ಸಭಾಂಗಣವೊಂದರಲ್ಲಿ ಅದರ ಪ್ರದರ್ಶನ. ತಂಗಿಯ ಸಿನಿಮಾ ಎಂದು ಅವಳ ಗಂಡ ಹೋಗಿಯೇ ಹೋಗುತ್ತಾನೆ. ಅವನಿಗೆ ತಿಳಿದರೆ ಅತ್ತೆಗೂ ತಿಳಿದಂತೆ. ಅಲ್ಲಿಗೆ ತಾರಸಿಯ ಕಥೆ ಮುಗಿಯಿತು.

ಈ ಹುಡುಗಿ ಇನ್ನೂ ಯಾರ್‍ಯಾರ ಗುಟ್ಟು ಕದ್ದಿದ್ದಾಳೋ ಎಂಬ ಅನುಮಾನ ಹತ್ತಿ, ಅವಳು ನಾದಿನಿಯ ಹಳೆಯ ಸಿನಿಮಾಗಳನ್ನು ಹುಡುಕಿ ನೋಡತೊಡಗಿದಳು. ಒಂದರಲ್ಲಿ ಮುದುಕನೊಬ್ಬ ಲಿಫ್ಟಿನ ಹತ್ತಿರ ಸಲಹೆ ಕೇಳುತ್ತಿದ್ದ. ಲಿಫ್ಟ್ ಬಹಳ ಯೋಚಿಸಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದ ರೀತಿಗೆ ಅವಳು ಸಿಟ್ಟನ್ನೂ ಮರೆತು ನಕ್ಕಳು. ಇನ್ನೊಂದರಲ್ಲಿ ಒಬ್ಬ ಗಂಡಸು ಕೆಲಸ ಮುಗಿಸಿ ಬಂದು, ಮನೆಯ ಕೆಳಗೆ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆ ಅದರ ಮೇಲೇ ಕೂತಿರುತ್ತಿದ್ದ. ಎಷ್ಟೋ ಹೊತ್ತಿನ ಮೇಲೆ ಮೆಟ್ಟಿಲು ಹತ್ತಿ, "ರಸ್ತೆ ತುಂಬಾ ಗಾಡಿ" ಅನ್ನುತ್ತಿದ್ದ.

ಅವಳು ಆ ಮಾತನ್ನು ಇನ್ನೊಂದು ಸಲ ಹಾಕಿ ಕೇಳಿದಳು. ದಿನಾ ಸಂಜೆ ಬಾಗಿಲಲ್ಲಿ ಗಂಡನ ಬಾಯಿಂದ ಕೇಳುವ ಮಾತೇ ಅದು.

ಅವತ್ತು ಸಂಜೆ ತಾರಸಿಯ ಅಂಚಿಗೆ ಬಂದು ಬಗ್ಗಿ ನೋಡಿದಳು. ಕೆಳಗೆ ಸ್ಕೂಟರಿನ ಮೇಲೆ ಹೆಲ್ಮೆಟ್ ತಲೆಯೊಂದು ಅಲ್ಲಾಡದೆ ಕೂತಿತ್ತು.

ಫೋನ್ ಮಾಡಿ, ಮನೆಯವರನ್ನೆಲ್ಲ ಮಾರಾಟಕ್ಕಿಟ್ಟಿದ್ದೀಯಾ ಎಂದು ನಾದಿನಿಯನ್ನು ತರಾಟೆಗೆ ತೆಗೆದುಕೊಂಡಳು.

"ಅತ್ತಿಗೆ, ಆ ಸ್ಕೂಟರ್ ಸಿನಿಮಾ ಬಂದು ವರ್ಷಗಳಾಯ್ತು," ಎಂದಳು ನಾದಿನಿ. "ನೀವು ಇಷ್ಟು ದಿನ ಅದನ್ನ ನೋಡೇ ಇರ್ಲಿಲ್ಲ ಅನ್ನೋದು ನಂಗೆ ಬೇಜಾರು."

ಅವಳು ಫೋನಿಟ್ಟಳು.

ಭಾನುವಾರ ಗಂಡ ಸಿನಿಮಾ ನೋಡಿ ಬಂದ. ಕುರ್ಚಿಗಳನ್ನು ಹೊಗಳಿದ, ಸ್ಟೂಲಿನ ದನಿ ಅನುಕರಿಸಿ ಮಗಳನ್ನು ನಗಿಸಿದ. ತಾರಸಿಯ ಸುದ್ದಿಯೇ ಇಲ್ಲ. ಬೇಕೆಂದೇ ಬಿಟ್ಟನೋ, ಗೊತ್ತಾಗಲೇ ಇಲ್ಲವೋ? ಅವಳು ಅವನ ಒಂದೊಂದು ಮಾತನ್ನೂ ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸಿದಳು. ಊಟಕ್ಕೆ ಕೂತಾಗ ಅತ್ತೆ ಮತ್ತೆ ಬಟ್ಟೆಯ ಮಾತೆತ್ತಿದರು. ಅವನು ತಟ್ಟೆಯಿಂದ ತಲೆ ಎತ್ತದೆ, ಆ ಕಟ್ಟಡದ ನೆರಳು ಜಾಸ್ತಿ ಕಣಮ್ಮ ಎಂದ.

ಮರುದಿನ ಸಂಜೆ ಅವನ ಕೈಯಲ್ಲೊಂದು ಹೊಸ ಬಕೆಟ್ ಇತ್ತು.

"ಹಳೇದರ ಹಿಡಿ ಕೈ ಕೊಯ್ಯುತ್ತೆ. ಇದು ಹಗುರ ಇದೆ, ಮೇಲಕ್ಕೆ ಒಯ್ಯೋಕೆ," ಎಂದ. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ.

ಅವಳು ಬಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಚೆನ್ನಾಗಿದೆ. ನಿಮ್ಮ ಸ್ಕೂಟರ್ ಸೀಟಿಗೂ ಹತ್ತಿ ತುಂಬಿ ಒಂದು ಕವರ್ ಹೊಲಿದು ಕೊಡ್ತೀನಿ ರೀ. ಕೂತ್ಕೊಳ್ಳೋಕೆ ಮೆತ್ತಗಿರುತ್ತೆ."

ಅವನು ಹೆಲ್ಮೆಟ್ಟನ್ನು ಮೊಳೆಗೆ ನೇತುಹಾಕುತ್ತಿದ್ದವನು ಹಾಗೇ ನಿಂತು, ಅವಳನ್ನು ಅನುಮಾನದಿಂದ ನೋಡತೊಡಗಿದ.