ಬಿಸಿಲಿಗೆ ಸ್ವಲ್ಪ ತಲೆಸುತ್ತು

ಬೆಳಿಗ್ಗೆ ಬೆಳಿಗ್ಗೆ ಅಕ್ಕನ ಬ್ಯಾಗಿಗೆ ಕೈ ಹಾಕಿದ್ದರಲ್ಲಿ ಇಲಿಮರಿಯ ತಪ್ಪೇನೂ ಇರಲಿಲ್ಲ. ತನ್ನ ಸಾಕ್ಸೆಲ್ಲ ಒದ್ದೆಯಾಗಿ ಕಿಟಕಿಯ ಕೆಳಗಿನ ಬಿಸಿನೀರಿನ ಕೊಳವೆಯ ಮೇಲೆ ಬಿದ್ದಿದ್ದವು. ಅಕ್ಕ ಸ್ನಾನಕ್ಕೆ ಹೋಗಿದ್ದಳು. ಒಂದು ಜೊತೆ ಒಣಗಿದ್ದು ಸಿಕ್ಕರೆ ಸಾಕು ಅಂತ ತಡಕಾಡಿದಾಗ ಉಂಡೆ ಸುತ್ತಿದ ಸಾಕ್ಸಿನೊಳಗೆ ಏನೋ ಚರಪರ ಅಂದಿತು. ಬಿಚ್ಚಿ ನೋಡಿದರೆ ಮಾತ್ರೆಯ ಪಟ್ಟಿಗಳು. ಒಂದೇ ಒಂದು ಮಾತ್ರೆಯನ್ನೂ ಯಾರೂ ಒಡೆದು ತೆಗೆದಿರಲಿಲ್ಲ.

ಈ ಹುಡುಗಿಗೆ ಇಲಿಮರಿ ಅಂತ ಹೆಸರಿಟ್ಟವಳು ಅಕ್ಕನೇ. ಹಲ್ಲಿ ಕಂಡರೆ ಮಂಚ ಹತ್ತುವವಳಿಗೆ ಇನ್ನೇನು ಹೆಸರಿಡಬೇಕು ಹೇಳಿ. ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ದೊಡ್ಡಮ್ಮನ ಮಗಳು. ಆದರೆ ಎರಡು ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ, ಬೆಳೆದದ್ದು ಒಂದೇ ಅಂಗಳದಲ್ಲಿ. ವಯಸ್ಸಿನಲ್ಲಿ ಎರಡು ವರ್ಷ ದೊಡ್ಡವಳು, ಧೈರ್ಯದಲ್ಲಿ ಇಪ್ಪತ್ತು ವರ್ಷ. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ, ಹಾಗಾಗಿ ಶಾಲೆಯಲ್ಲಿ ಅವಳಿಗೆ ಬುಗುರಿ ಅಂತ ಹೆಸರು.

ಆ ಬುಗುರಿಗೆ ಫಿಟ್ಸ್ ಇತ್ತು. ಚಿಕ್ಕಂದಿನಿಂದಲೂ ಇತ್ತು. ಆದರೆ ದೊಡ್ಡಮ್ಮನ ಮನೆಯಲ್ಲಿ ಆ ಪದವನ್ನು ಯಾರೂ ಬಾಯಿಗೆ ತರುವಂತಿರಲಿಲ್ಲ. ನೆಂಟರ ಮನೆಯಲ್ಲಿ ಹುಡುಗಿ ನೆಲಕ್ಕೆ ಬಿದ್ದು ಕೈಕಾಲು ಸೆಳೆದರೆ "ಬಿಸಿಲಿಗೆ ಸ್ವಲ್ಪ ತಲೆಸುತ್ತು" ಅನ್ನುತ್ತಿದ್ದರು ದೊಡ್ಡಮ್ಮ. ನಡು ಮಳೆಗಾಲದಲ್ಲಿ ಬಿದ್ದರೂ ಬಿಸಿಲಿಗೇ ತಲೆಸುತ್ತು. ಶಾಲೆಯವರು ಬೇಸಿಗೆ ರಜೆಗೆ ಪರದೇಶದ ಸಾಹಸ ಪ್ರವಾಸ ಅಂತ ಹೊರಡಿಸಿ, ಮಕ್ಕಳಿಗೆ ಏನಾದರೂ ಕಾಯಿಲೆ ಕಸಾಲೆ ಇದೆಯೇ ಅಂತ ಕೇಳಿದಾಗಲೂ ಆಕೆ ಕಣ್ಣು ಮಿಟುಕಿಸದೆ "ಗುಂಡುಕಲ್ಲಿನ ಹಾಗಿದ್ದಾಳೆ" ಅಂದಿದ್ದರು. ನಾಳೆ ಇವಳ ಮದುವೆ ಆಗಬೇಡವೇ ಎನ್ನುವುದು ಆಕೆಯ ಚಿಂತೆ. ನಾಳೆಯವರೆಗೆ ಹುಡುಗಿ ಉಳಿಯಬೇಡವೇ ಅಂತ ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗಿತ್ತು?

ಶಾಲೆಗೆ ಹೇಳುವ ಬದಲು ದೊಡ್ಡಮ್ಮ ಅದೇ ಶಾಲೆಯ ಇಲಿಮರಿಯನ್ನು ಜೊತೆಗೆ ಹೊರಡಿಸಿದರು. ಬೇಡ ಅನ್ನುತ್ತಿದ್ದ ಅವಳ ಅಮ್ಮನನ್ನೂ ಒಪ್ಪಿಸಿದರು. ವಿಮಾನ ನಿಲ್ದಾಣದಲ್ಲಿ ಪಕ್ಕಕ್ಕೆ ಕರೆದು, "ದಿನಾ ಬೆಳಿಗ್ಗೆ 'ಹಲ್ಲುಜ್ಜಿದ್ಯಾ' ಅಂತ ಕೇಳು. ಅಂದ್ರೆ ಮಾತ್ರೆ ನುಂಗಿದ್ಯಾ ಅಂತ ಅರ್ಥ. ಅವಳಿಗೂ ಹೇಳಿದೀನಿ. ಬೇರೆ ಯಾರ ಕಿವಿಗೂ ಬೀಳಬಾರದು, ಗೊತ್ತಾಯ್ತಾ?" ಅಂದಿದ್ದರು. ಅಂದಿನಿಂದ ಇವಳು ದಿನಾ ಕೇಳುತ್ತಿದ್ದಳು. ಅಕ್ಕ ಬಾಯಿ ತುಂಬ ನೊರೆ ಇಟ್ಟುಕೊಂಡೇ "ಹೂಂ" ಅನ್ನುತ್ತಿದ್ದಳು. ಪಾಪ, ನಿಜವಾಗಿಯೂ ಹಲ್ಲು ಮಾತ್ರ ಉಜ್ಜುತ್ತಿದ್ದಳು.

ಸ್ನಾನ ಮುಗಿಸಿ ಬಂದ ಅಕ್ಕ ಇವಳ ಕೈಯಲ್ಲಿದ್ದ ಪಟ್ಟಿಗಳನ್ನು ನೋಡಿ ಬಾಗಿಲು ಹಾಕಿದಳು.

"ಕಿರುಚಬೇಡ."

"ಒಂದೂ ನುಂಗಿಲ್ವಲ್ಲ ಅಕ್ಕಾ!"

"ಅದನ್ನ ನುಂಗಿದ್ರೆ ತಲೆ ಮಂಕಾಗುತ್ತೆ ಕಣೆ. ಇಷ್ಟು ದೂರ ಬಂದು ನಿದ್ದೆಗಣ್ಣಲ್ಲಿ ಬೆಟ್ಟ ನೋಡ್ಲಾ? ಎರಡು ವರ್ಷದಿಂದ ಒಂದ್ಸಲನೂ ಬಂದಿಲ್ಲ. ಹೋಗಿರುತ್ತೆ."

"ಈಗ್ಲೇ ಒಂದು ತಗೋ. ನನ್ನೆದುರಿಗೇ."

"ಇವತ್ತು ದೋಣಿ ಇದೆ. ತೂಕಡಿಸ್ಲಾ? ನಾಳೆಯಿಂದ ತಗೋತೀನಿ." ಅಕ್ಕ ಹತ್ತಿರ ಬಂದು ಅವಳ ಗಲ್ಲ ಹಿಡಿದಳು. "ಯಾರಿಗೂ ಹೇಳಲ್ಲ ತಾನೆ? ನನ್ನಾಣೆ?"

ಇಲಿಮರಿ ತಲೆಯಾಡಿಸಿದಳು. ಅಕ್ಕನ ಆಣೆ ಅಂದರೆ ಅವಳಿಗೆ ಆಟದ ಮಾತಲ್ಲ. ಆಣೆ ಮುರಿದರೆ ಅಕ್ಕನಿಗೇ ಏನಾದರೂ ಆಗುತ್ತದೆ ಅನ್ನುವುದನ್ನು ಹದಿನೈದಾದರೂ ನಂಬುತ್ತಿದ್ದ ಹುಡುಗಿ ಅದು. ಹೇಳಿದರೆ ಆಣೆಯ ಭಯ, ಹೇಳದಿದ್ದರೆ ನೀರಿನ ಭಯ.

ನೀರಿನ ಭಯ ಸುಮ್ಮನೆ ಹುಟ್ಟಿದ್ದೂ ಅಲ್ಲ. ಅವರು ಇಳಿದುಕೊಂಡಿದ್ದ ಹಲಗೆಯ ಮನೆಯ ಮುಂದೆ ಹುಲ್ಲಿನ ಬಯಲು, ಅದರಾಚೆ ಸುತ್ತ ಬೆಟ್ಟವಿದ್ದ ದೊಡ್ಡ ಸರೋವರ. ಅದರ ನಡುವಿನ ದ್ವೀಪಕ್ಕೆ ಆವತ್ತು ಎಲ್ಲರೂ ಹುಟ್ಟು ಹಾಕಿಕೊಂಡು ಹೋಗಬೇಕು. ಒಬ್ಬೊಬ್ಬರಿಗೆ ಒಂದೊಂದು ಕಿರುದೋಣಿ. ಅದರ ಬಾಯಿಯಲ್ಲಿ ಕಾಲು ತೂರಿಸಿ ಕೂತ ಮೇಲೆ, ನೀರು ಒಳಗೆ ಬರದಿರಲಿ ಅಂತ ಸೊಂಟದ ಸುತ್ತ ಒಂದು ರಬ್ಬರಿನ ಲಂಗ ಬಿಗಿಯುತ್ತಾರೆ. ದೋಣಿ ಮಗುಚಿದರೆ ಮನುಷ್ಯನೂ ತಲೆಕೆಳಗು. ಆಗ ಗಾಬರಿಯಾಗದೆ ಲಂಗದ ಮುಂದಿನ ಪಟ್ಟಿಯನ್ನು ಕೈಯಾರೆ ಎಳೆಯಬೇಕು. ಎಳೆದರೆ ಬಿಚ್ಚಿಕೊಂಡು ಮೇಲೆ ಬರುತ್ತಾರೆ. ಹಿಂದಿನ ದಿನ ಮೊಣಕಾಲು ನೀರಿನಲ್ಲಿ ಎಲ್ಲರಿಗೂ ಅದರ ಅಭ್ಯಾಸ ಮಾಡಿಸಿದ್ದರು. ಕೈಯೇ ಸ್ವಾಧೀನದಲ್ಲಿ ಇಲ್ಲದವಳ ಪಟ್ಟಿಯನ್ನು ಯಾರು ಎಳೆಯುತ್ತಾರೆ? ಬೆಳಗಿನಿಂದ ಇಲಿಮರಿಯ ತಲೆಯಲ್ಲಿ ಇದೊಂದೇ ಪ್ರಶ್ನೆ ಗಿರಕಿ ಹೊಡೆಯುತ್ತಿತ್ತು.

ಆಗ ಅವಳಿಗೆ ಒಂದು ಉಪಾಯ ಹೊಳೆಯಿತು. ದೋಣಿ ಕಲಿಸುವ ಆ ದೇಶದ ಹೆಂಗಸು, ಹುಡುಗರು ದೋಣಿಯಮ್ಮ ಅಂತ ಹೆಸರಿಟ್ಟಿದ್ದ ಅಗಲ ಭುಜದ ಗಟ್ಟಿಗಿತ್ತಿ, ಮೊದಲ ದಿನವೇ ಒಂದು ನಿಯಮ ಮಾಡಿದ್ದಳು. ಪ್ರತಿಯೊಬ್ಬರಿಗೂ ಒಬ್ಬ ಜೋಡಿ. ಹೋದರೆ ಇಬ್ಬರೂ, ಉಳಿದರೆ ಇಬ್ಬರೂ. ಇಲಿಮರಿಯ ಜೋಡಿ ಅಕ್ಕನೇ. ಅಂದರೆ ಇವಳು ಉಳಿದರೆ ಅಕ್ಕನೂ ಉಳಿಯಬೇಕು. ಆಣೆಯೂ ಮುರಿಯುವುದಿಲ್ಲ, ಅಕ್ಕನೂ ಮುಳುಗುವುದಿಲ್ಲ. ತನಗೆ ಇಷ್ಟು ಬುದ್ಧಿ ಇದೆ ಅಂತ ಅವಳಿಗೇ ಆಶ್ಚರ್ಯವಾಯಿತು.

ದಂಡೆಯಲ್ಲಿ ಎಲ್ಲರೂ ಶೂ ಬಿಚ್ಚಿಟ್ಟು, ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ನಿಂತಿದ್ದಾಗ ಇವಳು ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟಳು. "ನಂಗೆ ಆಗಲ್ಲ ಮಿಸ್. ಹೊಟ್ಟೆನೋವು. ಭಯ ಆಗ್ತಿದೆ."

ಜೊತೆಗೆ ಬಂದಿದ್ದ ಪಿ.ಟಿ. ಮಿಸ್ ಹುಬ್ಬು ಗಂಟಿಕ್ಕಿದರು. ಹಿಂದಿನಿಂದ ಯಾರೋ ಕಿಚಾಯಿಸಿ ನಕ್ಕರು. ಅಕ್ಕನಿಗೆ ಮಾತ್ರ ತಕ್ಷಣ ಅರ್ಥವಾಯಿತು. ಅವಳ ಕಣ್ಣು ಕೆಂಪಾದದ್ದನ್ನು ಇಲಿಮರಿ ಕೆಳಗಿನಿಂದಲೇ ನೋಡಿದಳು.

ದೋಣಿಯಮ್ಮ ಬಂದು ಮಂಡಿಯೂರಿ ಇವಳ ಬೆನ್ನು ಸವರಿದಳು. ಅವಳ ಇಂಗ್ಲಿಷು ನಿಧಾನ, ನಗು ದೊಡ್ಡದು. "ಭಯ ಆದರೆ ಉಳಿ ಮಗು, ನಾಚಿಕೆ ಏನೂ ಇಲ್ಲ. ನಿನ್ನ ಟೀಚರ್ ಜೊತೆ ಇಲ್ಲೇ ಇರು. ನಿನ್ನ ಅಕ್ಕನಿಗೆ ಯಾಕೆ ಬೇಜಾರು ಮಾಡೋದು? ಇವತ್ತು ಅವಳಿಗೆ ನಾನೇ ಜೋಡಿ."

ಒಳ್ಳೆಯವರ ಒಳ್ಳೆಯತನ ಹೀಗೆ ಕೆಲವು ಸಲ ಕುತ್ತಿಗೆಗೆ ಬರುತ್ತದೆ. ಅಕ್ಕ ಅಷ್ಟರಲ್ಲಿ ದೋಣಿಯೊಳಗೆ ಕೂತು ಲಂಗ ಬಿಗಿದುಕೊಂಡಾಗಿತ್ತು. ಹೊರಡುವಾಗ ಇತ್ತ ತಿರುಗಿ, ಹೇಗೆ ಅನ್ನುವಂತೆ ಹುಬ್ಬು ಹಾರಿಸಿದಳು.

ದೋಣಿಗಳು ದಂಡೆ ಬಿಟ್ಟವು. ಮಿಸ್ ಏನೋ ಸಮಾಧಾನದ ಮಾತಾಡುತ್ತಿದ್ದರು, ಒಂದೂ ಕಿವಿಗೆ ಹೋಗಲಿಲ್ಲ. ಅಕ್ಕನ ದೋಣಿ ಯಾವತ್ತಿನಂತೆ ಎಲ್ಲರಿಗಿಂತ ಮುಂದೆ. ದೋಣಿಯಮ್ಮ ಜೋಡಿ ಅನ್ನುವುದು ಹೆಸರಿಗೆ ಮಾತ್ರ, ಅವಳು ಹಿಂದೆ ಬಿದ್ದ ಇಬ್ಬರು ಹುಡುಗರನ್ನು ಸರಿಮಾಡುತ್ತ ನಿಂತಿದ್ದಳು. ಹೇಳಿಬಿಡಲೇ? ಹೇಳಿದ ಕೂಡಲೇ ಆಗಬಾರದ್ದು ಆಗಿಬಿಟ್ಟರೆ? ಈಗ ಮಿಸ್ ಹತ್ತಿರ ಮೆಲ್ಲಗೆ ಹೇಳಿದರೂ ಅಲ್ಲಿಗೆ ತಲುಪುವುದು ಹೇಗೆ?

ಆಗ ಅಕ್ಕನ ಹುಟ್ಟು ನಿಂತಿತು. ಸುಮ್ಮನೆ ನಿಂತಿತು. ಅಕ್ಕ ಮುಂದಕ್ಕೆ ಬಾಗಿದಳು, ತಲೆ ಕೆಳಗೆ ಜೋತಂತಾಯಿತು.

ಆಣೆ, ದೊಡ್ಡಮ್ಮ, ಮದುವೆ ಎಲ್ಲ ಎಲ್ಲಿ ಹೋದವೋ. ಹಲ್ಲಿಗೆ ಹೆದರುವ ಹುಡುಗಿ ಮಿಸ್ ಕೈ ಕೊಡವಿ ನೀರಿಗೆ ಓಡಿದಳು. ಕಲ್ಲು ತಾಗಿ ಪಾದ ಕೊಯ್ದದ್ದೂ ತಿಳಿಯಲಿಲ್ಲ. ಸೊಂಟದ ತನಕ ನೀರು ಬಂದ ಮೇಲೆ ಅಕ್ಕನತ್ತ ಕೈ ತೋರಿಸಿ ಗಂಟಲು ಹರಿಯುವ ಹಾಗೆ ಕೂಗಿದಳು. "ಅಕ್ಕಂಗೆ ಫಿಟ್ಸ್ ಇದೆ! ಮಾತ್ರೆ ತಗೊಂಡಿಲ್ಲ! ಹಿಡ್ಕೊಳ್ಳಿ ಅವಳನ್ನ! ಫಿಟ್ಸ್! ಫಿಟ್ಸ್!"

ಬೆಟ್ಟಗಳು ಸುಮ್ಮನಿರಲಿಲ್ಲ, ಆ ಪದವನ್ನು ಇನ್ನೊಂದು ಸಲ ಕೂಗಿದವು. ಇಷ್ಟು ವರ್ಷ ಗೋಡೆಯಾಚೆ ದಾಟದಿದ್ದ ಮಾತು ಹೀಗೆ ಒಂದು ಸರೋವರದ ತುಂಬ ಹರಡಿತು. ಮಿಸ್ ಸೀಟಿ ಊದಿದರು. ಆ ಒಂದು ಪದ ಸಾಕಾಗಿತ್ತು ದೋಣಿಯಮ್ಮನಿಗೆ. ಬಿರಬಿರನೆ ಹುಟ್ಟು ಹಾಕಿ ಅಕ್ಕನ ದೋಣಿಯನ್ನು ಹಿಡಿದು, ಹಗ್ಗ ಕಟ್ಟಿ, ದಂಡೆಗೆ ತಿರುಗಿಸಿದಳು.

ಅಕ್ಕನಿಗೆ ಏನೂ ಆಗಿರಲಿಲ್ಲ. ನೀರಿನ ತಳದ ಬಿಳಿ ಕಲ್ಲುಗಳನ್ನು ನೋಡಲು ಬಾಗಿದ್ದಳು, ಅಷ್ಟೆ.

ದಂಡೆಗೆ ಬಂದವಳು ಯಾರ ಮುಖವನ್ನೂ ನೋಡಲಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ಹಿಂದೆ ಬಂದು ಸುತ್ತ ನಿಂತರು. "ಮಿಸ್, ಇವಳು ಸುಳ್ಳಿ. ತಾನು ಬರೋಕಾಗ್ಲಿಲ್ಲ ಅಂತ ಹೊಟ್ಟೆಕಿಚ್ಚು" ಅಂದಳು ಅಕ್ಕ. ಇಲಿಮರಿ ಒದ್ದೆ ಬಟ್ಟೆಯಲ್ಲಿ ಗಡಗಡ ನಡುಗುತ್ತ ನಿಂತಿದ್ದಳು. ಅತ್ತರೆ ಅಕ್ಕನ ಮಾತೇ ನಿಜವಾಗುತ್ತದೆ ಅಂತ ಅಳು ನುಂಗಿದಳು.

ಮಿಸ್ ಊರಿಗೆ ಫೋನ್ ಹಚ್ಚಿದರು. ಎಲ್ಲರಿಗೂ ಕೇಳುವಷ್ಟು ಜೋರಾಗಿ ದೊಡ್ಡಮ್ಮನ ದನಿ ಬಂತು. ಮಗಳು ಕ್ಷೇಮ ಅಂತ ತಿಳಿದ ಮೇಲೆ ಅದು ನಯವಾಯಿತು. "ಅಯ್ಯೋ, ಅಂಥದ್ದೇನೂ ಇಲ್ಲ ಮಿಸ್. ಯಾರು ಹೇಳಿದ್ರು ನಿಮಗೆ? ಬಿಸಿಲಿಗೆ ಸ್ವಲ್ಪ ತಲೆಸುತ್ತು ಬರುತ್ತೆ, ಅಷ್ಟೆ. ಆ ಚಿಕ್ಕದು ಮೊದ್ಲಿಂದನೂ ಪುಕ್ಕಲಿ, ಏನಾದ್ರೂ ಹೇಳುತ್ತೆ."

ಮೂರು ದಿನದಿಂದ ಆ ದೇಶದಲ್ಲಿ ಮೋಡ ಬಿಟ್ಟು ಬೇರೇನನ್ನೂ ಕಂಡಿರದ ಮಿಸ್ ಒಮ್ಮೆ ಆಕಾಶ ನೋಡಿದರು, ಆಮೇಲೆ ಅಕ್ಕನನ್ನು. "ನೀನೇ ಹೇಳಮ್ಮ. ನಿಮ್ಮಮ್ಮ ಹೇಳ್ತಿರೋದು ನಿಜಾನಾ, ಇವಳು ಹೇಳಿದ್ದಾ? ನೀನು ಹೇಳಿದ್ದನ್ನೇ ನಾನು ನಂಬ್ತೀನಿ."

ಹೂಂ, ತಲೆಸುತ್ತು ಅಂದುಬಿಟ್ಟರೆ ಮುಗಿಯುತ್ತಿತ್ತು. ದೋಣಿ ಅಲ್ಲೇ ಇತ್ತು, ದ್ವೀಪವೂ ಅಲ್ಲೇ ಇತ್ತು. ಇಲಿಮರಿ ಉಳಿದ ರಜೆಯೆಲ್ಲ ಸುಳ್ಳಿ ಅನ್ನಿಸಿಕೊಂಡು ತಿರುಗಬೇಕಾಗುತ್ತಿತ್ತು, ಅಷ್ಟೇ ತಾನೆ? ಅಕ್ಕ ಇಲಿಮರಿಯ ಕಡೆ ನೋಡಿದಳು. ಬಿಳಿಚಿಕೊಂಡ ಮುಖ, ನೀಲಿಗಟ್ಟಿದ ತುಟಿ, ಕಾಲ ಕೆಳಗಿನ ಮರಳಿನಲ್ಲಿ ರಕ್ತ. ಎಲ್ಲಕ್ಕೂ ಹೆದರುವ ಈ ಹುಡುಗಿ ಎಲ್ಲಿಯವರೆಗೆ ನೀರಿಗಿಳಿದಿದ್ದಾಳೆ ಅನ್ನುವುದು ಅವಳ ಬಟ್ಟೆಯ ಮೇಲೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು.

ಅಕ್ಕ ಮಿಸ್ ಕೈಯಿಂದ ಫೋನ್ ತೆಗೆದುಕೊಂಡಳು.

"ಅಮ್ಮ, ಸಾಕು ಬಿಡು."

"ಏನಂದೆ?"

"ಫಿಟ್ಸ್ ಅಮ್ಮ. ನಂಗಿರೋದು ಫಿಟ್ಸ್. ನಾನು ಮಾತ್ರೆ ತಗೊಂಡಿರ್ಲಿಲ್ಲ. ಎಲ್ರಿಗೂ ಗೊತ್ತಾಯ್ತು. ಈಗ ಇಡ್ತೀನಿ."

ಅಕ್ಕ ಫೋನನ್ನು ಮಿಸ್ ಕೈಗೆ ಕೊಟ್ಟು, ದೋಣಿಗೆ ಬೆನ್ನು ಹಾಕಿ ಕೂತಳು.

ದೋಣಿಯಮ್ಮ ಅಲ್ಲಿಂದಲೇ ತಮ್ಮ ಡಾಕ್ಟರಿಗೆ ಫೋನ್ ಮಾಡಿ, ಕೋಣೆಯಿಂದ ಪಟ್ಟಿ ತರಿಸಿ ಮಾತ್ರೆಯ ಹೆಸರು ಓದಿ ಹೇಳಿ, ಕೇಳಬೇಕಾದ್ದನ್ನೆಲ್ಲ ಕೇಳಿ, ಮೊದಲ ಮಾತ್ರೆಯನ್ನು ತಾನೇ ಕೈಗಿಟ್ಟು ನುಂಗಿಸಿದಳು. ಮಂಕು ಹಿಡಿಯುತ್ತಿದ್ದರೆ ಊರಿಗೆ ಹೋದ ಮೇಲೆ ಬೇರೆ ಮಾತ್ರೆ ಕೇಳಬೇಕು, ಬಚ್ಚಿಡುವುದಲ್ಲ, ಅಂದರಂತೆ ಡಾಕ್ಟರು. ಈ ಸಲ ಅಕ್ಕನಿಗೆ ದೋಣಿ, ನೀರು ಎಲ್ಲ ಬಂದ್. "ಮೊದಲೇ ಹೇಳಿದ್ದರೆ, ಡಾಕ್ಟರ್ ಹೂಂ ಅಂದಿದ್ದರೆ, ಇಬ್ಬರು ಕೂರುವ ತೆರೆದ ದೋಣಿಯಲ್ಲಿ ನಾನೇ ಕೂರಿಸಿಕೊಂಡು ಹೋಗುತ್ತಿದ್ದೆನಲ್ಲ" ಅಂದಳು ದೋಣಿಯಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅದು ಹೆಚ್ಚು ಚುಚ್ಚಿತು.

ಎಲ್ಲರೂ ಕೋಣೆಗಳಿಗೆ ಹೊರಟರು. ಆಗ ಶುರುವಾಯಿತು ನೋಡಿ ಇನ್ನೊಂದು. ಬೆಳಿಗ್ಗೆಯ ತನಕ ಬುಗುರಿಯ ಜೊತೆ ಜಡೆ ಎಳೆದಾಡುತ್ತಿದ್ದವರೆಲ್ಲ ಈಗ ಅವಳಿಗೆ ದಾರಿ ಬಿಟ್ಟು ನಿಂತರು. ಒಬ್ಬಳು ಕೈಯಿಂದ ಹುಟ್ಟು ಕಸಿದುಕೊಂಡಳು. ಇನ್ನೊಬ್ಬಳು ಕುರ್ಚಿ ತರಲಾ ಅಂದಳು. ಒಬ್ಬ ಹುಡುಗ ಮೊಣಕೈ ಹಿಡಿದು ನಡೆಸಲು ಬಂದ. ಅಕ್ಕ ಕೈ ಕೊಡವಿದಳು.

"ನೋಡಿದ್ಯಾ?" ಅಂದಳು ಇಲಿಮರಿಗೆ, ಹಲ್ಲು ಕಚ್ಚಿ. "ಇಷ್ಟು ದಿನ ಇಲ್ಲಿ ಯಾರೂ ನನ್ನ ಹೀಗೆ ನೋಡಿರ್ಲಿಲ್ಲ. ಈಗ ಬೀಳ್ತೀನಾ ಬೀಳ್ತೀನಾ ಅಂತ ಎಲ್ರೂ ಕಾಯ್ತಿದಾರೆ. ಊರು ಮುಟ್ಟೋ ತನಕ ನಿನ್ನ ಹತ್ರ ಮಾತಾಡಲ್ಲ."

ಕ್ಷಮಿಸು ಅನ್ನುವ ಮಾತು ಇಲಿಮರಿಯ ನಾಲಗೆಯ ತುದಿಗೆ ಬಂತು. ಆದರೆ ಕ್ಷಮೆ ಕೇಳುವಂಥದ್ದೇನೂ ಅವಳ ಮನಸ್ಸಿನಲ್ಲಿ ಇರಲಿಲ್ಲ. ಇನ್ನೊಮ್ಮೆ ಹಾಗೇ ಆದರೆ ಇನ್ನೊಮ್ಮೆ ಹಾಗೇ ಕೂಗುವವಳೇ. ಅವಳು ಎರಡು ಹೆಜ್ಜೆ ಕುಂಟಿ ನಿಂತುಬಿಟ್ಟಳು.

"ಅಕ್ಕ, ಕಾಲು ಕೊಯ್ದಿದೆ. ನಡೆಯೋಕಾಗಲ್ಲ. ಉಪ್ಪಿನಮೂಟೆ ಮಾಡು."

ಅಕ್ಕ ಗಕ್ಕನೆ ತಿರುಗಿದಳು. ಕುರ್ಚಿಯ ಹುಡುಗಿ ಓಡಿ ಬಂದಳು. "ಏ, ನಿಂಗೇನು ತಲೆ ಕೆಟ್ಟಿದ್ಯಾ? ಅವಳ ಬೆನ್ನೇರ್ತೀಯಾ? ಬಿದ್ರೆ?"

"ಬಿದ್ರೆ ಕೆಳಗೆ ಹುಲ್ಲಿದೆ" ಅಂದಳು ಇಲಿಮರಿ.

ಅಕ್ಕನ ಮುಖ ಇನ್ನೂ ದಪ್ಪಗೇ ಇತ್ತು. ಆದರೂ ಮುಂದೆ ಬಂದು, ಬೆನ್ನು ಕೊಟ್ಟು ಬಾಗಿದಳು.