ಅರವತ್ತಮೂರಕ್ಕೆ ನಿಲ್ಲುವ ನೀರು

"ಅತ್ತಿಗೆ, ಗ್ಯಾಸ್ ಮುಗಿದಿದೆ. ಬಂದವರಿಗೆಲ್ಲ ಚಹಾ ಆಗಬೇಕಲ್ಲ, ಅಣ್ಣನ ಈ ಕುಕ್ಕರಲ್ಲೇ ನೀರಿಡ್ತೀನಿ," ಎನ್ನುತ್ತ ನಾದಿನಿ ಧೂಳು ಒರೆಸಿ, ನೀರು ತುಂಬಿ, ಸ್ವಿಚ್ಚು ಒತ್ತಿಯೇಬಿಟ್ಟಳು.

ಅತ್ತಿಗೆ ಲೋಟಗಳನ್ನು ತೆಗೆದಿಟ್ಟಳು. ನಡುಮನೆಯಲ್ಲಿ ಅವಳ ಗಂಡನ ದೇಹ ಮಲಗಿತ್ತು. ಸ್ಮಶಾನದ ಗಾಡಿ ಇನ್ನೂ ಬಂದಿರಲಿಲ್ಲ.

"ಜೋಪಾನ ಕಣೇ, ಸಿಡಿದೀತು," ಮೈದುನ ಬಾಗಿಲಿಗೊರಗಿದ. "ಊರಿನ ಲಿಫ್ಟೆಲ್ಲ ರಿಪೇರಿ ಮಾಡಿದ ಕೈ. ಕೊನೆಗೆ ಒಂದು ಮೊಟ್ಟೆ ಬೇಯಿಸೋಕೂ ಬರಲಿಲ್ಲ. ತಲೆ ಕೈಕೊಟ್ಟಿತ್ತು, ಪಾಪ."

"ಹೂಂ. ಅವರೇ ಹೇಳ್ತಿದ್ರು," ಎಂದಳು ಅವಳು.

*

ಅವಳು ಹಲ್ಲೆಲ್ಲ ಕೀಳಿಸಿಕೊಂಡು ಬಂದ ಮೇಲೆ ಗಂಡನಿಗೆ ಹೊಳೆದ ಉಪಾಯ ಅದು. ಕರೆಂಟಿನ ಹಳೇ ಕುಕ್ಕರಿಗೆ, ಹುಡುಗರು ಆಟಕ್ಕೆ ಕೊಳ್ಳುವಂಥ ಬೆಂಕಿಪೊಟ್ಟಣದಷ್ಟಿರುವ ಪುಟ್ಟ ಕಂಪ್ಯೂಟರು, ಮೈಕ್ರೋಕಂಟ್ರೋಲರನ್ನು ಜೋಡಿಸಿದರು. ನೀರಿನಲ್ಲಿ ಮುಳುಗಿದ ಸೆನ್ಸರ್ ತಂತಿ ಬಿಸಿ ಎಷ್ಟೆಂದು ಪುಟ್ಟ ಪರದೆಯಲ್ಲಿ ತೋರಿಸಬೇಕು; ಅರವತ್ತಮೂರು ಡಿಗ್ರಿಗೆ ಕರೆಂಟು ತಾನಾಗಿ ನಿಲ್ಲಬೇಕು, ತಣಿದರೆ ಮತ್ತೆ ಹತ್ತಬೇಕು.

"ಮೊಟ್ಟೆ ಬೆಣ್ಣೆ ಆಗುತ್ತೆ ಕಣೇ. ನಾಲಿಗೆಯಲ್ಲೇ ತಿನ್ನಬಹುದು."

ಮೊದಲ ದಿನ ಪಕ್ಕದಲ್ಲೇ ಕೂತು ಬೇಯಿಸಿದರು. ಬೆಣ್ಣೆಯೇ ಆಗಿತ್ತು. ಆಮೇಲೆ ಅವರು ಅದನ್ನು ಹಚ್ಚಿಟ್ಟು ವಾಕಿಂಗಿಗೆ ಹೊರಡತೊಡಗಿದರು. ಬೆನ್ನು ತಿರುಗಿದ್ದೇ ತಡ, 'ತಿನ್ನೋ ಪಾತ್ರೆಯಲ್ಲಿ ಕೊಳಕು ವೈರು' ಎಂದು ಅವಳು ತಂತಿ ಎತ್ತಿ ಮೊಳೆಗೆ ತೂಗುಹಾಕುತ್ತಿದ್ದಳು. ಚಪ್ಪಲಿ ಸದ್ದು ಕೇಳಿದರೆ, ಸುಮ್ಮನೆ ಜಗಳ ಯಾಕೆಂದು, ಮತ್ತೆ ನೀರಿಗೆ ಬಿಡುತ್ತಿದ್ದಳು.

ಮೊಟ್ಟೆ ದಿನವೂ ಕಲ್ಲು. ಅವರು ಬಿಚ್ಚಿದರು, ಜೋಡಿಸಿದರು, ಪ್ರೋಗ್ರಾಮನ್ನು ಮೊದಲಿಂದ ಬರೆದರು. "ಲೆಕ್ಕವೆಲ್ಲ ಸರಿಯಿದೆ. ನನ್ನ ತಲೆಯೇ ಸರಿಯಿಲ್ಲ," ಎಂದು ಒಂದು ದಿನ ಸ್ಕ್ರೂಡ್ರೈವರುಗಳನ್ನೆಲ್ಲ ಅಟ್ಟಕ್ಕೆ ಹಾಕಿದರು. ಅಲ್ಲಿಂದಾಚೆಗೆ ರಸ್ತೆ ದಾಟುವಾಗಲೂ ಅವಳ ಕೈ ಹಿಡಿಯುತ್ತಿದ್ದರು.

*

"ಥೂ, ಚಹಾ ನೀರಲ್ಲಿ ವೈರ್ಯಾಕೆ?" ನಾದಿನಿ ತಂತಿ ಎತ್ತಿ ನಲ್ಲಿಗೆ ಸುತ್ತಿದಳು.

ಸ್ವಲ್ಪ ಹೊತ್ತಿಗೆ ನೀರು ಕೊತಕೊತ ಕುದಿಯಿತು. ಪುಟ್ಟ ಪರದೆಯಲ್ಲಿ ಮಾತ್ರ ಇಪ್ಪತ್ತೆಂಟು ಎಂದೇ ಇತ್ತು.

ಅವಳು ಪರದೆ ನೋಡಿದಳು. ನಲ್ಲಿ ನೋಡಿದಳು. ತಂತಿ ಅಡುಗೆಮನೆಯ ಗಾಳಿಯ ಬಿಸಿ ಹೇಳುತ್ತಿತ್ತು.

ನಡುಮನೆಯಲ್ಲಿ ಮೈದುನ ಯಾರಿಗೋ ಹೇಳುತ್ತಿದ್ದ: "ಕೊನೆಕೊನೆಗೆ ಅಣ್ಣನ ಬುದ್ಧಿ..."

"ಅವರ ಬುದ್ಧಿಗೆ ಏನೂ ಆಗಿರಲಿಲ್ಲ," ಅವಳು ಕೂಗಿಯೇಬಿಟ್ಟಳು. "ತಂತಿ ತೆಗೀತಿದ್ದವಳು ನಾನು."

ಎಲ್ಲರೂ ತಿರುಗಿದರು.

"ಯಾವ ತಂತಿ ಅತ್ತಿಗೆ?" ನಾದಿನಿ ಭುಜ ಸವರಿದಳು. "ಬೆಳಿಗ್ಗೆಯಿಂದ ಹೊಟ್ಟೆಗೇನೂ ಹಾಕಿಲ್ಲ ನೀವು. ಕೂತ್ಕೊಳ್ಳಿ."

ಹೊರಗೆ ಗಾಡಿ ಬಂದು ನಿಂತಿತು. ಅವಳು ಕುಕ್ಕರಿಗೆ ತಣ್ಣೀರು ಸುರಿದು, ತಂತಿ ಮುಳುಗಿಸಿ, ಅದರ ಮೇಲಿಂದ ಕೈ ತೆಗೆಯದೆ ನಿಂತಳು.

"ಅತ್ತಿಗೆ, ಅಣ್ಣನ್ನ ಎತ್ತುತ್ತಿದ್ದೀವಿ, ಬನ್ನಿ," ಮೈದುನ ಕರೆದ.

ಅರವತ್ತೊಂದು. ಅರವತ್ತೆರಡು.

"ಅತ್ತಿಗೆ!"

ಅರವತ್ತಮೂರು. ಟಕ್ಕೆಂದು ಕೆಂಪು ದೀಪ ಆರಿತು. ನೀರು ಅಲುಗದೆ ನಿಂತಿತು.