ಎರಡು ಟೈಂಪೀಸು

ಗಡಿಯಾರ ರಿಪೇರಿಯವನ ಮಗಳಿಗೆ ಲೆಕ್ಕವೆಂದರೆ ಪ್ರಾಣ, ಭಾಷೆಯೆಂದರೆ ಪ್ರಾಣಸಂಕಟ. ಅಳತೆಯ ಉಪಕರಣ ಮಾಡುವುದನ್ನು ಕಲಿಸುವ ಕಾಲೇಜಿನ ಪ್ರವೇಶ ಪರೀಕ್ಷೆಗೆ ಎರಡೂ ಬೇಕು. ಹೋದ ವರ್ಷ ಲೆಕ್ಕದಲ್ಲಿ ಐವತ್ತಕ್ಕೆ ನಲವತ್ತೇಳು ಬಂದಿತ್ತು, ಭಾಷೆಯಲ್ಲಿ ಹದಿನಾರು. ಎರಡರಲ್ಲೂ ಇಪ್ಪತ್ತು ದಾಟದವರನ್ನು ಆ ಕಾಲೇಜಿನ ಮಹಾನುಭಾವರು ಕಣ್ಣೆತ್ತಿಯೂ ನೋಡುವುದಿಲ್ಲ. ಬರೆಯಲು ಇದ್ದದ್ದು ಎರಡೇ ಅವಕಾಶ, ಒಂದು ಆಗಲೇ ಕೈಬಿಟ್ಟಿತ್ತು.

ಈ ಸಲ ಅಪ್ಪ ಅಂಗಡಿಯಿಂದ ಒಂದೇ ತರಹದ ಎರಡು ಹಳೆಯ ಟೈಂಪೀಸು ತಂದ. ನೀಲಿ ಮುಖದ್ದು ಲೆಕ್ಕಕ್ಕೆ, ಬಿಳಿ ಮುಖದ್ದು ಭಾಷೆಗೆ.

“ಮುಳ್ಳು ಹನ್ನೆರಡಕ್ಕೆ ಇಟ್ಟು ಕೂತ್ಕೋ. ಒಂದಕ್ಕೆ ಅಲಾರಾಂ ಹೊಡೆಯುತ್ತೆ, ಆಗ ಏಳು. ದಿನಾ ಸಂಜೆ ಎರಡಕ್ಕೂ ಒಂದೊಂದು ಗಂಟೆ. ಒಂದರ ಪಾಲು ಇನ್ನೊಂದು ತಿನ್ನಬಾರದು, ಗೊತ್ತಾಯ್ತಾ ಮರಿ?”

ಮಹಡಿಯ ಕೋಣೆಯಲ್ಲಿ ಬೇರೆ ಗಡಿಯಾರವಿರಲಿಲ್ಲ. ಗಡಿಯಾರ ರಿಪೇರಿಯವರ ಮನೆಯಲ್ಲಿ ನೆಟ್ಟಗೆ ಓಡುವ ಗಡಿಯಾರ ಸಿಗುವುದೇ ಅಪರೂಪ.

ಮೊದಲ ವಾರ ಹೇಗೋ ಹಲ್ಲುಕಚ್ಚಿ ಕೂತಳು. ಎರಡನೆಯ ವಾರ ಬಿಳಿ ಗಡಿಯಾರದ ಬೆನ್ನು ಬಿಚ್ಚಿ, ಒಳಗಿನ ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಗಿಡ್ಡ ಮಾಡಿದಳು. ಸ್ಪ್ರಿಂಗ್ ಗಿಡ್ಡವಾದರೆ ಗಡಿಯಾರ ಜೋರಾಗಿ ಓಡುತ್ತದೆ. ಭಾಷೆಯ ಒಂದು ಗಂಟೆ ಈಗ ಮುಕ್ಕಾಲು ಗಂಟೆಯಲ್ಲೇ ಮುಗಿಯತೊಡಗಿತು. ಅಪ್ಪನಿಂದ ಕಲಿತ ವಿದ್ಯೆಯನ್ನು ಅಪ್ಪನಿಗೇ ತಿರುಗಿಸಿದ ಈ ಜಾಣೆಗೆ ಒಳಗೊಳಗೇ ಖುಷಿ. ಟ್ಯೂಷನ್ನಿನ ಮಾದರಿ ಪರೀಕ್ಷೆಯಲ್ಲಿ ಭಾಷೆಗೆ ಹದಿನೇಳು ಬಂದಾಗ ಮಾತ್ರ ಖುಷಿ ಇಳಿಯಿತು. ಅಪ್ಪ ಅಂಕಪಟ್ಟಿ ನೋಡಿದ, ಆ ಸಂಜೆ ತಾನೇ ಮಹಡಿಗೆ ಚಹಾ ತಂದುಕೊಟ್ಟ.

ಆಮೇಲಾಮೇಲೆ ಭಾಷೆಯ ಪುಟಗಳು ಯಾಕೋ ಬೇಗ ಮುಗಿಯುತ್ತಿದ್ದವು. ಮೊದಲು ಒಂದು ಪಾಠ ಓದಿ ಮುಗಿಸುವಷ್ಟರಲ್ಲಿ ಅಲಾರಾಂ ಹೊಡೆದು, ಪ್ರಶ್ನೆಗಳು ಹಾಗೇ ಉಳಿಯುತ್ತಿದ್ದವು. ಈಗ ಪಾಠ ಮುಗಿದು ಎಷ್ಟು ಹೊತ್ತಾದರೂ ಅಲಾರಾಂ ಹೊಡೆಯುವುದಿಲ್ಲ. ಬೇರೆ ದಾರಿ ಕಾಣದೆ ಪ್ರಶ್ನೆಗಳಿಗೂ ಉತ್ತರ ಬರೆಯುತ್ತಿದ್ದಳು. ಮುಂದಿನ ಮಾದರಿ ಪರೀಕ್ಷೆಯಲ್ಲಿ ಇಪ್ಪತ್ತಮೂರು ಬಂತು. ಅದೃಷ್ಟ ಎಂದುಕೊಂಡಳು. ಲೆಕ್ಕದಲ್ಲಿ ನಲವತ್ತಾರು ಬಂದದ್ದು ದುರದೃಷ್ಟ.

ಅಷ್ಟರಲ್ಲಿ ಎದುರುಮನೆಗೆ ಹೊಸ ರೇಡಿಯೊ ಬಂತು. ಒಂದು ಸಂಜೆ ಆರರ ವಾರ್ತೆ ಶುರುವಾಗುವಾಗ ಅವಳು ಲೆಕ್ಕಕ್ಕೆ ಕೂತಳು. ಅಲಾರಾಂ ಹೊಡೆಯಿತು. ಏಳರ ವಾರ್ತೆ ಬಂದದ್ದು ಅದಾದ ಕಾಲು ಗಂಟೆಯ ಮೇಲೆ!

ನೀಲಿ ಗಡಿಯಾರದ ಬೆನ್ನು ಬಿಚ್ಚಿದಳು. ಒಳಗೆ ತಾನೇ ಗಿಡ್ಡ ಮಾಡಿದ್ದ ಸ್ಪ್ರಿಂಗ್, ತನ್ನ ಚಿಮಟದ ಒರಟು ಗುರುತಿನ ಸಮೇತ ಕೂತಿತ್ತು. ಯಾರೋ ಎರಡರ ಹೊಟ್ಟೆಯನ್ನೇ ಅದಲುಬದಲು ಮಾಡಿದ್ದರು. ಯಾರೋ ಏನು ಬಂತು, ಅಪ್ಪನೇ!

ಅದನ್ನು ಹಿಡಿದುಕೊಂಡೇ ಉರಿಯುತ್ತಾ ಕೆಳಗಿನ ಅಂಗಡಿಗೆ ಇಳಿದಳು. “ಅಪ್ಪಾ, ಇದು ಮೋಸ.”

ಅಪ್ಪ ಕಣ್ಣಿನ ಮಸೂರ ತೆಗೆಯಲಿಲ್ಲ. “ಹೌದಮ್ಮ. ಶುರು ಮಾಡಿದ್ದು ಯಾರು?”

“ನಿಂಗೆ ಹೇಗೆ ಗೊತ್ತಾಯ್ತು?”

“ಚಹಾ ಕೊಡೋಕೆ ಮೇಲೆ ಬಂದಿದ್ನಲ್ಲ, ಟಿಕ್‌ಟಿಕ್ ಅವಸರವಾಗಿ ಓಡ್ತಿದ್ದದ್ದು ಕೇಳಿಸ್ತು. ನಲವತ್ತು ವರ್ಷದಿಂದ ಇದೇ ಕೇಳ್ತಾ ಇದೀನಿ.” ಆಮೇಲೆ ದನಿ ತಗ್ಗಿಸಿದ. “ಬಾಯಲ್ಲಿ ಹೇಳಿದ್ರೆ ನೀನು ಕೇಳ್ತಿರ್ಲಿಲ್ಲ. ಈ ಸಲವೂ ನಿನ್ನ ಸಪ್ಪೆ ಮುಖ ನೋಡೋಕೆ ನನ್ನಿಂದ ಆಗ್ತಿರ್ಲಿಲ್ಲ ಮರಿ. ತಗೋ ಚಿಮಟ, ಸರಿ ಮಾಡ್ಕೋ.”

ಅವಳು ಚಿಮಟ ಹಿಡಿದು ಸ್ಪ್ರಿಂಗಿನ ಮೇಲೆ ಬಗ್ಗಿದಳು. ಕಡೆಗೆ ನೀಲಿ ಗಡಿಯಾರದ ಬೆನ್ನನ್ನು ಹಾಗೇ ಮುಚ್ಚಿದಳು.

“ಇದು ಹೀಗೇ ಇರ್ಲಿ. ಪರೀಕ್ಷೆ ಆದ್ಮೇಲೆ ನೋಡ್ಕೊಳ್ಳೋಣ.”

ಮೇಲೆ ಹೋಗಿ ಬಿಳಿ ಗಡಿಯಾರದ ಮುಳ್ಳನ್ನು ಹನ್ನೆರಡಕ್ಕೆ ಇಟ್ಟಳು. ಅದು ಒಂದು ಗಂಟೆ ಪ್ರಾಮಾಣಿಕವಾಗಿ ಓಡಿ ಅರಚಿಕೊಂಡಿತು. ಇನ್ನೂ ಎರಡು ಪ್ರಶ್ನೆ ಬಾಕಿಯಿದ್ದವು. ಅವಳು ತಲೆಯೆತ್ತದೆ ಕೈಚಾಚಿ ಅದರ ಬಾಯಿ ಮುಚ್ಚಿದಳು.